ನೂರೊಂದು ರೂಪಾಯಿಯ ತಪ್ಪು ಕಾಣಿಕೆ

ಅರಸೀಕೆರೆಯಲ್ಲಿ ನಮ್ಮ ಪತ್ರಿಕೆಯ ಕಚೇರಿ ಇದ್ದದ್ದು ಒಂದು ಮುದ್ರಣಾಲಯದ ಮಹಡಿಯಲ್ಲಿ. ಕಚೇರಿ ಎಂದರೆ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರು. ಕೆಳಗೆ ಮದುವೆ ಕಾರ್ಡು, ತಿಥಿ ಕಾರ್ಡು ಅಚ್ಚಾಗುತ್ತಿದ್ದವು. ಪಕ್ಕದ ಕೋಣೆಯಲ್ಲಿ ಮ್ಯೂಚುವಲ್ ಫಂಡ್ ಏಜೆಂಟರೊಬ್ಬರಿದ್ದರು. ತಾಲ್ಲೂಕು ವರದಿಗಾರ ಸುದ್ದಿಯ ಜೊತೆಗೆ ಜಾಹೀರಾತನ್ನೂ ತರಬೇಕು. ಹಾಗಾಗಿ ನನ್ನ ಮೇಜಿಗೆ ಬರುತ್ತಿದ್ದ ಕಾಗದಗಳಲ್ಲಿ ಅರ್ಧಕ್ಕರ್ಧ ಯಾವುದಾದರೊಂದು ಬಗೆಯ ಬಿಡುಗಡೆಯ ಮಾತೇ. ಅಡವಿಟ್ಟು ಬಿಡಿಸಿಕೊಳ್ಳದೆ ಉಳಿದ ಒಡವೆಗಳ ಹರಾಜು ಪ್ರಕಟಣೆ. ಜಮೀನಿನ ಮೇಲೆ ಋಣಭಾರ ಏನಾದರೂ ಇದ್ದರೆ ಏಳು ದಿನದೊಳಗೆ ತಿಳಿಸಿ ಎಂಬ ವಕೀಲರ ನೋಟಿಸು. ಶಿವೈಕ್ಯರಾದವರ ಪುಣ್ಯಸ್ಮರಣೆ. ಪಕ್ಕದ ಏಜೆಂಟರು ದಿನಕ್ಕೆ ಹತ್ತು ಸಲ ಫೋನಿನಲ್ಲಿ, "ರಿಡೆಂಪ್ಷನ್ ಹಾಕಿದೀನಿ ಸರ್, ಇನ್ನ್ ಮೂರ್ನಾಲ್ಕ್ ದಿನದಲ್ಲಿ ದುಡ್ಡು ನಿಮ್ಮ ಅಕೌಂಟಿಗೆ ಬೀಳುತ್ತೆ" ಎನ್ನುತ್ತಿದ್ದರು. ರೈಲ್ವೆ ಸ್ಟೇಷನ್ನಿನ ಹೊರಗೆ ಕೈಗಿಡುವ ಯೇಸುವಿನ ಕರಪತ್ರದಲ್ಲಿ ಅದೇ ಇಂಗ್ಲಿಷ್ ಮಾತು ಪಾಪದಿಂದ ವಿಮೋಚನೆಯಾಗಿರುತ್ತಿತ್ತು. ಮನೆಯಲ್ಲಿ ನನ್ನ ಹೆಂಡತಿ ಕಾಫಿಪುಡಿಯ ಪೊಟ್ಟಣದ ಕೂಪನ್ನುಗಳನ್ನು ಕೂಡಿಟ್ಟು, ಅಂಗಡಿಗೆ ಕೊಟ್ಟು ಸ್ಟೀಲಿನ ಡಬ್ಬಿ ತಂದಿದ್ದಳು. ಅಂಗಡಿಯವನು ಒಂದೊಂದು ಕೂಪನ್ನಿನ ಮೂಲೆಯನ್ನೂ ಹರಿದನಂತೆ, ಇನ್ನೊಂದು ಸಲ ತರಬಾರದೆಂದು.

ಈ ಮಾತುಗಳನ್ನು ನಾನು ಅಕ್ಷರ ತಪ್ಪು ನೋಡುವಷ್ಟಕ್ಕೆ ಓದುತ್ತಿದ್ದೆ. ಹಳೇಬೀಡಿನ ಕಡೆಯ ಒಬ್ಬ ರೈತರು ಎರಡು ಪೇಪರ್ ತುಂಡು ಹಿಡಿದು ಮೆಟ್ಟಿಲು ಹತ್ತಿ ಬಂದ ಮೇಲೆ ಅದು ಅಷ್ಟು ಸುಲಭವಾಗಲಿಲ್ಲ.

ಐವತ್ತೈದರ ಆಸುಪಾಸಿನವರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಕುರ್ಚಿ ತೋರಿಸಿದರೂ ಕೂರಲಿಲ್ಲ. ತುಂಡುಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಎರಡೂ ನಾನು ಬರೆದವು. ಬೇಲೂರಿನ ವರದಿಗಾರರ ಜಾಗ ಖಾಲಿಯಿದ್ದ ಆ ದಿನಗಳಲ್ಲಿ ಹಳೇಬೀಡಿನ ಸುದ್ದಿಯೂ ನನ್ನ ಪಾಲಿಗೇ ಇತ್ತು.

"ಮೊದಲ್ನೇದ್ರಲ್ಲಿ ನಾನ್ ಕದ್ದೆ ಅಂತ ಹಾಕಿದೀರಿ. ಎರಡನೇದ್ರಲ್ಲಿ ಅಮ್ಮ ತಾನೇ ವಾಪಸ್ ಬಂದ್ಲು ಅಂತ ಹಾಕಿದೀರಿ. ಇನ್ನೊಂದ್ ಬರ್ಕೊಡಿ ಸಾ" ಎಂದರು. "ನಾನ್ ಕದ್ದಿಲ್ಲ ಅಂತ."

ಅವರ ಊರು ಹುಲಿಕೆರೆಯಿಂದ ಎರಡು ಮೈಲಿ ಆಚೆ. ಅಲ್ಲಿನ ಊರಮ್ಮನ ಗುಡಿಗೆ ಕಾಯಂ ಪೂಜಾರಿ ಇಲ್ಲ. ಐವತ್ತರ ಹತ್ತಿರ ಮನೆಗಳು. ವರ್ಷಕ್ಕೆ ಒಂದೊಂದು ವಾರ ಒಂದೊಂದು ಮನೆಯವರು ಸಂಜೆ ದೀಪ ಹಚ್ಚುತ್ತಾರೆ. ಅದಕ್ಕೆ ದೀಪದ ಸರದಿ ಎಂದು ಹೆಸರು. ಸರದಿಯ ವಾರ ಗುಡಿಯ ಕೀಲಿಯೂ, ಅಮ್ಮನ ಬೆಳ್ಳಿ ಮುಖವಾಡ ಇಡುವ ಕಬ್ಬಿಣದ ಪೆಟ್ಟಿಗೆಯ ಕೀಲಿಯೂ ಆ ಮನೆಯಲ್ಲಿರುತ್ತವೆ. ಸೋಮವಾರ ಸಂಜೆ ಕೀಲಿ ಮುಂದಿನ ಮನೆಗೆ ಹೋಗುತ್ತದೆ. ಹೋಗುವ ಮೊದಲು ಪೆಟ್ಟಿಗೆ ತೆರೆದು ಎಲ್ಲರೆದುರು ಮುಖವಾಡ ಎತ್ತಿ ತೋರಿಸಬೇಕು. ಯಾವುದಾದರೂ ಮನೆಗೆ ಒಂದು ಸಲ ಸರದಿ ತಪ್ಪಿದರೆ ಅದು ಮತ್ತೆ ಹಿಂದಕ್ಕೆ ಬರುವುದಿಲ್ಲ. ಹಾಗೆ ತಪ್ಪಿದ ಎರಡು ಮನೆಗಳಿವೆ. ಅವುಗಳಲ್ಲಿ ಈಗಿರುವ ಮೊಮ್ಮಕ್ಕಳನ್ನೂ ಊರು 'ದೀಪ ಹೋದ ಮನೆಯೋರು' ಎಂದೇ ಕರೆಯುತ್ತದೆ.

ಹಿಂದಿನ ವರ್ಷ ಈ ರೈತರ ಸರದಿಯ ವಾರದಲ್ಲಿ, ಬುಧವಾರ, ಊರಿನ ಯಜಮಾನರು ಅವರ ಮನೆಗೆ ಬಂದು ಕೀಲಿ ಕೇಳಿದ್ದರು. ಗುಡಿಯ ಲೆಕ್ಕ, ಕಟ್ಟಡ, ಪಂಚಾಯಿತಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಎಪ್ಪತ್ತು ದಾಟಿದ ಹಿರಿಯರು. ಅರ್ಧ ಗಂಟೆಯಾದ ಮೇಲೆ ಕೀಲಿ ತಂದು ಕೊಟ್ಟು ಹೋದರು. ಮರುದಿನ ಸಂಜೆ ಅವರಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಸೋಮವಾರ ಪೆಟ್ಟಿಗೆ ತೆರೆದರೆ ಖಾಲಿ.

"ಕೀಲಿ ವಾಪಸ್ ಕೊಟ್ಟಾಗ ನೀವು ಪೆಟ್ಟಿಗೆ ನೋಡಲಿಲ್ಲವಾ?" ಎಂದು ಕೇಳಿದೆ.

"ಯಜಮಾನ್ರು ಕೈಗೆ ಕೀಲಿ ಕೊಟ್ಟ ಮ್ಯಾಲೆ ಪೆಟ್ಗೆ ತೆಗ್ದು ನೋಡಕ್ಕಾಯ್ತದಾ ಸಾ? ಏನಂದ್ಕಂಡಾರು?"

ಆ ಊರಿನಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಿದ್ದರು. ಹಿರಿಯರು ಕೊಟ್ಟದ್ದನ್ನು ಅವರ ಬೆನ್ನ ಹಿಂದೆಯೂ ಎಣಿಸಿ ನೋಡುವ ಪದ್ಧತಿ ಅಲ್ಲಿಲ್ಲ. ಆದರೆ ಮಾತು ನಿಂತು ಮಲಗಿದವರ ಮೇಲೆ ತಪ್ಪು ಹೊರಿಸುತ್ತಾನೆ ಎಂದು ಅದೇ ಊರು ಇವರ ಮೇಲೆ ಇನ್ನಷ್ಟು ಸಿಟ್ಟಾಯಿತು.

ನಾನು ಆ ದಿನ ಅರಸೀಕೆರೆಯಿಂದ ಫೋನಿನಲ್ಲೇ ಸುದ್ದಿ ಮಾಡಿದ್ದೆ. ಠಾಣೆಯವರು, "ಒಬ್ಬನ್ನ ಕರ್ಕೊಂಡ್ ಬಂದಿದೀವಿ, ಕೇಳ್ತಾ ಇದೀವಿ" ಎಂದರು. ನಾನು 'ಬಂಧನ' ಎಂದು ಬರೆದೆ. ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಹೋಯಿತು. ಮರುದಿನ ಮಧ್ಯಾಹ್ನ ಅವರನ್ನು ಮನೆಗೆ ಕಳಿಸಿದ್ದರು, ಅದು ಸುದ್ದಿಯಾಗಲಿಲ್ಲ. ಯಜಮಾನರು ಕೀಲಿ ಪಡೆದಿದ್ದರು ಎಂಬ ಅವರ ಹೇಳಿಕೆಯನ್ನೂ ಠಾಣೆಯವರು ನನಗೆ ಹೇಳಿದ್ದರು. ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಆ ಸಾಲು ನನ್ನ ಕೈಬರಹದಲ್ಲಿ ಇತ್ತು. ವರದಿಯಲ್ಲಿ ಇರಲಿಲ್ಲ. ಹಾಸಿಗೆ ಹಿಡಿದ ಗಣ್ಯರ ಹೆಸರು ಯಾಕೆ ಎಂದು ನಾನೇ ಬಿಟ್ಟಿದ್ದೆ.

ಯಜಮಾನರು ಎರಡು ವಾರದಲ್ಲಿ ತೀರಿಕೊಂಡರು. ಅದಾಗಿ ತಿಂಗಳೊಪ್ಪತ್ತಿಗೆ ಒಂದು ಮಂಗಳವಾರ ಬೆಳಿಗ್ಗೆ ಮುಖವಾಡ ಗುಡಿಯ ಹೊಸ್ತಿಲ ಮೇಲಿತ್ತು, ಹಳದಿ ಬಟ್ಟೆಯಲ್ಲಿ ಸುತ್ತಿ. ಊರಮ್ಮನ ಪವಾಡ ಎಂದು ಜನ ಹೇಳಿದ್ದನ್ನು ನಾನು ಹಾಗೆಯೇ ಬರೆದೆ. ಫೋಟೋ ಸಮೇತ ಮೂರು ಕಾಲಂ ಬಂತು. ಕದ್ದವನು ಅಮ್ಮನಿಗೆ ಹೆದರಿ ತಂದಿಟ್ಟ ಎಂದು ಓದಿದವರೆಲ್ಲ ಅರ್ಥ ಮಾಡಿಕೊಂಡರು. ಕದ್ದವನು ಯಾರೆಂದು ಮೊದಲ ವರದಿಯಲ್ಲೇ ಇತ್ತಲ್ಲ.

"ಈಗೇನಾಗಬೇಕು?" ಎಂದೆ.

"ಮೂರ್ ವಾರಕ್ಕೆ ನಮ್ಮನೆ ಸರದಿ ಬತ್ತದೆ. ತಪ್ಪು ಕಾಣಿಕೆ ಕಟ್ಟು, ಕೀಲಿ ಕೊಡ್ತೀವಿ ಅಂತವ್ರೆ. ಇಲ್ದಿದ್ರೆ ಮುಂದಿನ್ ಮನೆಗೆ."

ತಪ್ಪು ಕಾಣಿಕೆ ಎಂದರೆ ನೂರೊಂದು ರೂಪಾಯಿ. ವೀಳ್ಯದೆಲೆಯ ಮೇಲಿಟ್ಟು ಅಮ್ಮನ ಮುಂದೆ ಇಡಬೇಕು. ಯಜಮಾನರು ಗಟ್ಟಿಯಾಗಿ, ಇಂಥ ಮನೆಯವರ ತಪ್ಪು ಕಾಣಿಕೆ ಎಂದು ಕೂಗುತ್ತಾರೆ. ಅಲ್ಲಿಗೆ ತಪ್ಪು ಕಳೆಯಿತು. ಆಮೇಲೆ ಅದರ ಮಾತು ಯಾರೂ ಎತ್ತುವಂತಿಲ್ಲ.

"ನೂರೊಂದ್ ರೂಪಾಯಿ ನನ್ನತ್ರ ಇಲ್ವಾ? ಐತೆ" ಎಂದು ಅಂಗಿಯ ಜೇಬು ತಟ್ಟಿದರು. "ಕಟ್ಟಿದ್ರೆ ಕದ್ದವ್ನೇ ಆಯ್ತೀನಲ್ಲ ಸಾ. ನಮ್ಮಜ್ಜನ ಕಾಲ್ದಿಂದ ನಮ್ಮನೇಲಿ ಆ ದೀಪ ಹಚ್ತಾವ್ರೆ. ಕಳ್ಳನ್ ಕೈಲಿ ಹಚ್ಚಿದ್ ದೀಪ ಅನ್ನಿಸ್ಕಂಡು ಹಚ್ಲಾ?"

ಅವರು ಇಳಿದು ಹೋದ ಮೇಲೆ ಹಾಸನಕ್ಕೆ, ಸಂಪಾದಕೀಯ ವಿಭಾಗಕ್ಕೆ ಫೋನ್ ಮಾಡಿದೆ. ಡೆಸ್ಕಿನ ಮುಖ್ಯಸ್ಥರು ಸಮಾಧಾನದಿಂದ ಕೇಳಿಸಿಕೊಂಡರು.

"ವರ್ಷ ಆಗ್ತಾ ಬಂತು ಕಣ್ರೀ. ಈಗ ತಿದ್ದುಪಡಿ ಹಾಕಿದ್ರೆ ಮರೆತವರಿಗೂ ನೆನಪಾಗುತ್ತೆ."

"ಆ ಊರಿನೋರು ಮರೆತಿಲ್ಲ ಸರ್."

"ಬಂಧನ ಅಲ್ಲ, ವಿಚಾರಣೆ ಅಂತ ಎರಡು ಸಾಲು ಹಾಕಬಹುದು. ಆದ್ರೆ ಕದ್ದಿಲ್ಲ ಅಂತ ಹೇಗೆ ಹಾಕ್ತೀರಿ? ಯಾರ್ ಹೇಳಿದ್ದು? ಕಾಗದ ಇದೆಯಾ? ಕೇಸಾಗಿ ಖುಲಾಸೆ ಆಗಿದ್ರೆ ಕೋರ್ಟ್ ಆದೇಶ ಅಂತ ಒಂದಿರ್ತಿತ್ತು. ಕೇಸೇ ಇಲ್ಲ ಅಂದ್ಮೇಲೆ ಖುಲಾಸೆ ಎಲ್ಲಿಂದ ತರೋಣ?"

ಅವರು ಹೇಳಿದ್ದು ನಿಯಮದ ಪ್ರಕಾರ ಸರಿ. ನಾನೂ ಹೊಸಬರಿಗೆ ಅದನ್ನೇ ಹೇಳಿಕೊಟ್ಟವನು. ಫೋನ್ ಇಟ್ಟೆ.

ನಾಲ್ಕೈದು ದಿನವಾದ ಮೇಲೆ ಕೆಳಗಿನ ಮುದ್ರಣಾಲಯದವರು ಒಬ್ಬ ಹೆಣ್ಣುಮಗಳನ್ನು ಮೇಲಕ್ಕೆ ಕಳಿಸಿದರು. ತೀರಿಕೊಂಡ ಯಜಮಾನರ ಸೊಸೆ. ಮಾವನವರ ಮೊದಲ ವರ್ಷದ ಪುಣ್ಯಸ್ಮರಣೆಗೆ ಕೆಳಗೆ ಕಾರ್ಡು ಮಾಡಿಸಿ, ಪೇಪರಿಗೆ ಜಾಹೀರಾತು ಕೊಡಲು ಬಂದಿದ್ದರು. ಈಗ ಯಜಮಾನಿಕೆ ಆಕೆಯ ಗಂಡನಿಗೆ ಬಂದಿತ್ತು. ಅವರು ಕೊಬ್ಬರಿ ಮಾರಾಟದ ಗಡಿಬಿಡಿಯಲ್ಲಿ ಎಪಿಎಂಸಿಗೆ ಹೋಗಿದ್ದರು.

ನಮ್ಮಲ್ಲಿ ಇಂಥ ಜಾಹೀರಾತಿಗೆ ಸಿದ್ಧ ಒಕ್ಕಣೆ ಇರುತ್ತದೆ. 'ಕಾಯಕವೇ ಉಸಿರಾಗಿ ಬಾಳಿ, ಋಣಮುಕ್ತರಾಗಿ ಶಿವೈಕ್ಯರಾದ' ಎಂದು ಶುರುವಾಗುತ್ತದೆ. ಓದಿ ಹೇಳಿದೆ. ಆಕೆ ಮಾವನವರ ಫೋಟೋ ಮೇಜಿನ ಮೇಲಿಟ್ಟರು. ನಂತರ, "ಅಣ್ಣಾ, ಋಣಮುಕ್ತರಾಗಿ ಅನ್ನೋದ್ ತೆಗೀರಿ" ಎಂದರು.

"ಎಲ್ಲರಿಗೂ ಅದೇ ಇರೋದು ಅಮ್ಮ."

"ಇರ್ಲಿ. ನಮ್ಮಾವಂಗೆ ಬ್ಯಾಡ."

ನಾನು ಆ ಪದ ಹೊಡೆದು ಹಾಕಿದೆ. ಯಾಕೆಂದು ಕೇಳಲಿಲ್ಲ. ಕೇಳದೆ ಸುಮ್ಮನೆ ಕೂತರೆ ಜನ ತಾವೇ ಹೇಳುತ್ತಾರೆ ಎಂಬುದು ಈ ಕೆಲಸ ಕಲಿಸಿದ ಒಂದು ಉಪಾಯ. ಆ ಹೊತ್ತಿನಲ್ಲಿ ನಾನು ಅದನ್ನು ಉಪಾಯವಾಗಿಯೇ ಬಳಸಿದೆ ಎಂದು ಒಪ್ಪಿಕೊಳ್ಳಬೇಕು. ಆಕೆಗೆ ಕಾಫಿ ತರಿಸಿದೆ.

ಕಾಫಿ ಅರ್ಧ ಕುಡಿದು ಲೋಟ ಕೆಳಗಿಟ್ಟರು. ಮಾವನವರ ಬಟ್ಟೆಗಳನ್ನು ಮಠದ ಹಾಸ್ಟೆಲಿಗೆ ಕೊಡಲೆಂದು ತೆಗೆಯುವಾಗ ಕರಿ ಕೋಟಿನ ಒಳಜೇಬಿನಲ್ಲಿ ಒಂದು ಚೀಟಿ ಸಿಕ್ಕಿತ್ತು. ಬೇಲೂರಿನ ಒಂದು ಗಿರವಿ ಅಂಗಡಿಯದು. ಬೆಳ್ಳಿ ಮುಖವಾಡ ಒಂದು ಎಂದು ಬರೆದಿತ್ತು. ಗುಡಿಯ ಪಕ್ಕದಲ್ಲಿ ಅಡುಗೆಯ ಶೆಡ್ಡು ಕಟ್ಟಿಸುತ್ತಿದ್ದರಲ್ಲ, ಗಾರೆಯವನಿಗೆ ಕೊಡಬೇಕಾದ ದುಡ್ಡಿಗೆ ಅಡವಿಟ್ಟಿದ್ದರು. ಕೊಬ್ಬರಿ ಮಾರಿ ಸೋಮವಾರದೊಳಗೆ ಬಿಡಿಸಿ ತಂದಿಡುವುದು ಅವರ ಲೆಕ್ಕ. ಮರುದಿನವೇ ಲಕ್ವ ಹೊಡೆಯಿತು.

"ನಮ್ಮನೆಯವ್ರೇ ಹೋಗಿ ಬಿಡಿಸ್ಕಂಡ್ ಬಂದ್ರು. ಹೊತ್ ಹುಟ್ಟೋ ಮುಂಚೆ ಹೊಸ್ಲ್ ಮ್ಯಾಲಿಟ್ಟು ಬಂದ್ರು. ನಮ್ಮಾವ ಅಮ್ಮನ್ ಮುಖ ಅಡ ಇಟ್ಟಿದ್ರು ಅಂತ ಊರ್ನಾಗೆ ಹೆಂಗಣ್ಣಾ ಹೇಳೋದು?"

ಚೀಟಿ ಆಕೆಯ ಪರ್ಸಿನಲ್ಲೇ ಇತ್ತು, ತೆಗೆದು ತೋರಿಸಿದರು. ಬಿಡಿಸಿಕೊಂಡ ದಿನದ ಮೊಹರು ಬಿದ್ದ ಚೀಟಿ. ಗಂಡ ಸುಟ್ಟು ಹಾಕು ಎಂದಿದ್ದರಂತೆ. ಸುಟ್ಟೆ ಎಂದು ಹೇಳಿ ಇಟ್ಟುಕೊಂಡಿದ್ದರು.

"ಕಳ್ಳ ಅನ್ನಿಸ್ಕಂಡ ಆ ಅಣ್ಣನ್ ಹೆಂಡ್ತಿ ನಲ್ಲಿ ಹತ್ರ ನನ್ನ ನೋಡಿ ನಗ್ತಾಳೆ. ಆವಮ್ಮಂಗೇನೂ ಗೊತ್ತಿಲ್ಲ. ನಂಗೆ ಕೊಡ ಎತ್ತಕ್ಕಾಗಲ್ಲ" ಎಂದರು. ಮತ್ತೆ ಎಚ್ಚೆತ್ತವರಂತೆ, "ಇದನ್ನ ಬರೀಬ್ಯಾಡ್ರಿ. ಯಾರ್ಗೂ ಹೇಳ್ಬ್ಯಾಡ್ರಿ. ಆಣೆ ಮಾಡಿ" ಎಂದರು.

"ನನ್ನ ಬಾಯಿಂದ ಬರಲ್ಲ ಅಮ್ಮ" ಎಂದು ಮಾತು ಕೊಟ್ಟೆ. ಜಾಹೀರಾತನ್ನು ಆಮೇಲೆ ಕೊಡುತ್ತೇನೆಂದು ಆಕೆ ಫೋಟೋ ಎತ್ತಿಕೊಂಡು ಹೋದರು.

ಆ ರೈತರು ನಿರಪರಾಧಿ ಎಂದು ಈಗ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವಂತಿರಲಿಲ್ಲ. ಒಂದು ವಾರ ಹಾಗೇ ಕಳೆಯಿತು. ಗಂಡಸಿಯಲ್ಲಿ ಜಾನುವಾರು ಲಸಿಕೆ, ಗೆಂಡೆಹಳ್ಳಿಯಲ್ಲಿ ರಸ್ತೆ ದುರಸ್ತಿ, ಹೀಗೆ ದಿನದ ಸುದ್ದಿ ಕಳಿಸುತ್ತಿದ್ದೆ. ಅವರ ಸರದಿಗೆ ಇನ್ನೊಂದು ವಾರ ಇದ್ದಾಗ ಒಂದು ದಾರಿ ಹೊಳೆಯಿತು. ತಪ್ಪು ಕಾಣಿಕೆಯನ್ನು ನಾನೇ ಕಟ್ಟಿದರೆ? ತಪ್ಪು ಬರೆದವನು ನಾನು. ಬಂಧನ ಎಂದು ಬರೆದದ್ದು ನನ್ನ ತಪ್ಪು, ಅದಕ್ಕೆ ನನ್ನ ಕಾಣಿಕೆ. ಯಜಮಾನರ ಮನೆಯ ಮಾತು ಬರುವುದಿಲ್ಲ, ಕಾಣಿಕೆ ಬಂತು ಎಂದು ಊರೂ ಸುಮ್ಮನಾಗುತ್ತದೆ, ಇವರಿಗೆ ಸರದಿ ಸಿಗುತ್ತದೆ. ಎಲ್ಲ ಕಡೆಯೂ ಸರಿಹೋಗುತ್ತದೆ ಎಂದು ನನಗೆ ಅನ್ನಿಸಿತು. ಯಾರನ್ನೂ ಕೇಳಲಿಲ್ಲ. ಆ ರೈತರನ್ನೂ ಕೇಳಲಿಲ್ಲ.

ಮಂಗಳವಾರ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಊರು ಸೇರಿದೆ. ಪೂಜೆಯ ಹೊತ್ತು. ಗುಡಿಯ ಮುಂದೆ ಮೂವತ್ತು ನಲವತ್ತು ಜನ. ಹೊಸ ಯಜಮಾನರು, ನಲವತ್ತೈದರ ಗಟ್ಟಿ ಆಳು, ನಗುತ್ತಾ ಬಂದರು.

"ಬನ್ನಿ ಪೇಪರ್‌ನೋರೆ. ಏನ್ ಇವತ್ತು, ಅಮ್ಮ ಮತ್ತೆ ಎಲ್ಲಿಗಾದ್ರೂ ಹೋದ್ಲಾ?"

"ತಪ್ಪು ಕಾಣಿಕೆ ಕಟ್ಟಬೇಕಿತ್ತು" ಎಂದೆ. ಆ ರೈತರ ಮನೆಯ ಕಡೆ ಕೈ ತೋರಿಸಿ, "ಅವರ ವಿಷಯಕ್ಕೆ" ಎಂದೆ.

ಆ ಎರಡು ಮಾತು ಹಾಗೆ ಹೇಳಬಾರದಿತ್ತು. ನನ್ನ ಬರವಣಿಗೆಯ ತಪ್ಪಿಗೆ ಎಂದು ನೇರವಾಗಿ ಹೇಳಲು ಅಷ್ಟು ಜನರೆದುರು ನನಗೆ ಸಂಕೋಚವಾಯಿತು. ಯಜಮಾನರು ನಾನು ಹಿಡಿದಿದ್ದ ಎಲೆಯ ಮೇಲಿನ ದುಡ್ಡು ನೋಡಿದರು, ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಒಂದು ಭಾರ ಇಳಿದದ್ದು ಕಾಣಿಸಿತು. ತಿರುಗಿ ನಿಂತು, ಆ ರೈತರ ಮನೆತನದ ಹೆಸರು ಹಿಡಿದು, "ಅವರ ಮನೆ ತಪ್ಪು ಕಾಣಿಕೆ, ಪೇಪರ್‌ನೋರ ಕೈಲಿ ಸಂದೈತೆ!" ಎಂದು ಕೂಗಿದರು. ಗಂಟೆ ಬಾರಿಸಿದರು.

ಅಲ್ಲ, ಇದು ನನ್ನದು ಎನ್ನಲು ಬಾಯಿ ತೆರೆದೆ. ಗಂಟೆ ನಿಲ್ಲಲಿ ಎಂದು ಕಾದೆ. ನಿಲ್ಲುವ ಹೊತ್ತಿಗೆ ಮಂಗಳಾರತಿ ಬಂತು. ಆರತಿ ತೆಗೆದುಕೊಂಡ ಮೇಲೆ ಹೇಳೋಣ ಎಂದುಕೊಂಡೆ. ಆರತಿಯಾದ ಮೇಲೆ ಒಬ್ಬರು ನನ್ನ ಬೆನ್ನು ತಟ್ಟಿ, "ಒಳ್ಳೆ ಕೆಲ್ಸ ಮಾಡ್ಸಿದ್ರಿ ಬಿಡಿ, ಒಪ್ಕಂಡ್ನಲ್ಲ ಕೊನೆಗೂ" ಎಂದರು. ನಾನು ಬಸ್ಸು ಹಿಡಿಯಲು ಹೊರಟೆ.

ಶುಕ್ರವಾರ ಆ ರೈತರು ಕಚೇರಿಗೆ ಬಂದರು. ಈ ಸಲ ಹೆಂಡತಿಯೂ ಜೊತೆಗಿದ್ದರು. ರೈತರು ನೂರರ ಒಂದು ನೋಟು, ಒಂದು ರೂಪಾಯಿಯ ನಾಣ್ಯ ಮೇಜಿನ ಮೇಲಿಟ್ಟರು.

"ನಿಮ್ ದುಡ್ ತಗಳಿ ಸಾ."

ನಾನು ಏನು ಹೇಳಿದೆನೋ ನೆನಪಿಲ್ಲ, ಒಳ್ಳೆಯದಾಗಲಿ ಎಂದು ಮಾಡಿದೆ ಎಂಬಂಥದೇನೋ ಇರಬೇಕು. ಆಕೆ ತಡೆದರು.

"ಒಳ್ಳೇದು ಭಾಳ ಆಯ್ತು ಬಿಡಿ ಸಾರ್. ನಿನ್ನೆ ನಲ್ಲಿ ಹತ್ರ ಒಬ್ಳು, 'ನಿನ್ ಗಂಡಂಗೆ ನೂರೊಂದೂ ಗತಿ ಇಲ್ವೇನೆ, ಪೇಪರ್‌ನೋರ ಹತ್ರ ಇಸ್ಕಂಡ್ ಕಟ್ಟವ್ನಲ್ಲ' ಅಂತ ಕೇಳಿದ್ಲು. ಇಷ್ಟ್ ದಿನ ಕಳ್ಳನ್ ಹೆಂಡ್ತಿ ಆಗಿದ್ದೆ. ಈಗ ತಿರುಕನ್ ಹೆಂಡ್ತೀನೂ ಆದೆ."

"ಸುಮ್ಕಿರೇ" ಎಂದರು ಅವರು. ನಂತರ ನನ್ನ ಕಡೆ ತಿರುಗಿ, ಕೋಪವಿಲ್ಲದ ದನಿಯಲ್ಲಿ, "ಸೋಮ್ವಾರ ಕೀಲಿ ಕೊಡ್ತಾರಂತೆ. ನಾನ್ ಇಸ್ಕಣಲ್ಲ. ನೀವೇ ಬಂದು ಹೇಳಿ, ಯಾವ್ ತಪ್ಗೆ ಕಟ್ಟಿದ್ದು ಅಂತ" ಎಂದರು.

ಸೋಮವಾರ ನಾನು ಹೋದಾಗ ಸೂರ್ಯ ತೆಂಗಿನ ತೋಟಗಳ ಹಿಂದಕ್ಕೆ ಇಳಿಯುತ್ತಿದ್ದ. ದೀಪ ಕತ್ತಲಾಗುವುದರೊಳಗೆ ಹತ್ತಬೇಕು. ಅಷ್ಟರಲ್ಲಿ ಕೀಲಿ ಯಾವ ಮನೆಯ ಕೈಗೆ ಹೋಗುತ್ತದೋ ಸರದಿ ಆ ಮನೆಯದು. ಹಿಂದಿನ ವಾರದವರು ಪೆಟ್ಟಿಗೆ ತೆರೆದು ಮುಖವಾಡ ಎತ್ತಿ ತೋರಿಸಿ ಮತ್ತೆ ಇಟ್ಟರು. ಕೀಲಿಯ ಗೊಂಚಲನ್ನು ಹಿತ್ತಾಳೆ ತಟ್ಟೆಯಲ್ಲಿ ಎಲೆಯ ಮೇಲಿಟ್ಟರು. ಯಜಮಾನರು ತಟ್ಟೆಯನ್ನು ಆ ರೈತರ ಮುಂದೆ ಹಿಡಿದರು.

"ತಗಳಪ್ಪ. ಕಾಣಿಕೆ ಸಂದೈತೆ. ಇನ್ ಯಾರೂ ಏನೂ ಅನ್ನಂಗಿಲ್ಲ."

ಅವರು ಕೈ ಚಾಚಲಿಲ್ಲ. "ನಾನ್ ಕಟ್ಟಿಲ್ಲ. ಕಟ್ಟಿದೋರು ಇಲ್ಲೇ ನಿಂತವ್ರೆ, ಅವರ್ನೇ ಕೇಳಿ."

ಹೇಳಿದೆ. ಮಂಗಳವಾರ ಕಟ್ಟಿದ್ದು ನನ್ನ ತಪ್ಪಿಗೆ ನನ್ನ ಕಾಣಿಕೆ, ಇವರದಲ್ಲ. ಇವರನ್ನು ಯಾರೂ ಬಂಧಿಸಿರಲಿಲ್ಲ, ವಿಚಾರಣೆಗೆ ಕರೆದಿದ್ದರು ಅಷ್ಟೆ, ಬಂಧನ ಎಂದು ಬರೆದದ್ದು ನಾನು. ಇವರು ಕದ್ದಿಲ್ಲ. ಕಳವೇ ಆಗಿಲ್ಲ.

ಜಗಲಿಯ ಮೇಲೆ ಕೂತಿದ್ದ ಒಬ್ಬ ಮುದುಕರು, "ಕಳ್ತನ ಆಗಿಲ್ಲ ಅಂದ್ರೆ ಮುಖ ಎಲ್ಲೋಗಿತ್ರೀ? ಅಮ್ಮ ನೆಂಟರ ಮನೆಗೋಗಿದ್ಲಾ?" ಎಂದರು. ಜನ ನಕ್ಕರು. ಇನ್ನೊಬ್ಬರು, "ಬರ್ದೋರು ಇವ್ರೇ, ಅಳ್ಸೋರೂ ಇವ್ರೇ. ಎಷ್ಟ್ ಕೊಟ್ಟವ್ನೋ ಕೇಳ್ಲಾ" ಎಂದರು.

ಯಜಮಾನರು ತಟ್ಟೆ ಹಿಡಿದೇ ನಿಂತಿದ್ದರು. ಅವರ ಕಣ್ಣು ನನ್ನ ಮೇಲಿತ್ತು. ನನಗೆ ಎಷ್ಟು ಗೊತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ, ಕಂಬದ ಪಕ್ಕ, ಅವರ ಹೆಂಡತಿ ನಿಂತಿದ್ದರು. ಆಕೆ ಒಂದು ಮಾತು ಹೇಳುತ್ತಾರೇನೋ ಎಂದು ನೋಡಿದೆ. ಆಕೆ ತಲೆಯನ್ನು ಬಹಳ ಸಣ್ಣಗೆ, ಬೇಡ ಎಂಬಂತೆ ಆಡಿಸಿದರು.

"ಹೊತ್ತಾಯ್ತದೆ" ಎಂದರು ಯಾರೋ. "ಇಸ್ಕಣಲ್ಲ ಅಂದ್ರೆ ಮುಂದಿನ್ ಮನೆಗೆ ಕೊಡಿ." ಯಜಮಾನರು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಮುಂದಿನ ಮನೆಯ ಗಂಡಸು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

ಆಗ ನಾನು ಹೇಳಿದೆ. "ಮುಖವಾಡ ಬೇಲೂರಿನ ಒಂದು ಅಂಗಡಿಯಲ್ಲಿ ಅಡವಿತ್ತು. ಇಟ್ಟಿದ್ದು ಹಿಂದಿನ ಯಜಮಾನರು. ಶೆಡ್ಡಿನ ಗಾರೆಯವರಿಗೆ ಕೊಡೋದಕ್ಕೆ. ಬಿಡಿಸಿಕೊಂಡ ಚೀಟಿ ನಾನು ನೋಡಿದ್ದೀನಿ."

ಗಾರೆಯವರು ಅದೇ ಊರಿನವರು, ಅಲ್ಲೇ ಇದ್ದರು. ಯಾರೂ ಕೇಳದಿದ್ದರೂ, "ಅವ್ರಿಗೆ ಲಕ್ವ ಹೊಡೀತಲ್ಲ, ಅವತ್ತು ಬೆಳಿಗ್ಗೇನೇ ನಂಗೆ ದುಡ್ ಕೊಟ್ಟಿದ್ರು" ಎಂದರು.

"ಚೀಟಿ ನಿಮ್ಗ್ಯಾರ್ ತೋರ್ಸಿದ್ದು?" ಎಂದು ಕೇಳಿದರು ಯಜಮಾನರು. ಅವರಿಗೆ ನನ್ನ ಉತ್ತರ ಬೇಕಿರಲಿಲ್ಲ. ಅವರು ಕಂಬದ ಕಡೆ ನೋಡಿದರು, ಅವರು ನೋಡಿದ್ದರಿಂದ ಉಳಿದವರೂ ನೋಡಿದರು. ಆಕೆ ಸೆರಗು ಹೊದ್ದುಕೊಂಡು ಮನೆಯ ಕಡೆ ನಡೆದರು. ಓಡಲಿಲ್ಲ, ನಡೆದರು. ಅಷ್ಟು ಜನ ದಾರಿ ಬಿಟ್ಟರು.

"ಸತ್ತ ನಮ್ಮಪ್ಪನ್ನ ಕಳ್ಳ ಅನ್ನಿಸ್ಬೇಕಿತ್ತೇನ್ರೀ ನಿಮ್ಗೆ?" ಎಂದರು ಯಜಮಾನರು.

ಅದಕ್ಕೆ ಉತ್ತರ ಕೊಟ್ಟವರು ಆ ರೈತರು. "ನಿಮ್ಮಪ್ಪ ಕಳ್ಳರಲ್ಲ ಯಜಮಾನ್ರೆ. ಅಮ್ಮನ್ ಕೆಲ್ಸಕ್ಕೇ ಇಟ್ಟವ್ರೆ. ನಾನೂ ಕಳ್ಳ ಅಲ್ಲ." ತಟ್ಟೆಯಿಂದ ಕೀಲಿಯನ್ನು ತಾವೇ ತೆಗೆದುಕೊಂಡರು. ಆಗ ತಾನೇ ಎಲ್ಲರೂ ನೋಡಿದ್ದ ಪೆಟ್ಟಿಗೆಯನ್ನು ಮತ್ತೆ ತೆರೆದು, ಮುಖವಾಡವನ್ನು ಎರಡೂ ಕೈಯಲ್ಲಿ ಎತ್ತಿ, ಮೂರು ದಿಕ್ಕಿಗೂ ತೋರಿಸಿ, ಯಜಮಾನರ ಕಣ್ಣೆದುರೇ ಒಳಗಿಟ್ಟು ಬೀಗ ಹಾಕಿದರು. ಅವರ ಹೆಂಡತಿ ಎಣ್ಣೆಯ ಗಿಂಡಿ ತಂದುಕೊಟ್ಟರು. ದೀಪ ಹತ್ತಿತು. ನನ್ನ ಕಡೆ ಅವರು ನೋಡಲಿಲ್ಲ, ಕೆಲಸದಲ್ಲಿದ್ದರು.

ಆ ವಾರವೇ ಡೆಸ್ಕಿಗೆ ಎರಡು ಸಾಲು ಕಳಿಸಿದೆ. 'ಬಂಧನ' ಎಂಬುದು 'ವಿಚಾರಣೆ' ಎಂದಿರಬೇಕಿತ್ತು, ತಪ್ಪಿಗೆ ವಿಷಾದಿಸುತ್ತೇವೆ ಎಂದು ಆರನೆಯ ಪುಟದಲ್ಲಿ, ಒಡವೆ ಹರಾಜಿನ ಪ್ರಕಟಣೆಯ ಕೆಳಗೆ ಬಂತು. ಅಡವಿನ ವಿಷಯವನ್ನು ನಾನು ಬರೆಯಲಿಲ್ಲ. ಬರೆಯದಿದ್ದರೆ ಕೊಟ್ಟ ಮಾತಿನ ಅರ್ಧವಾದರೂ ಉಳಿಯುತ್ತದೆ ಎಂಬ ಲೆಕ್ಕ ಹಾಕಿದ್ದೆ. ಮಾತು ಕೊಟ್ಟದ್ದು ಬಾಯಿಗೆ, ಪೇಪರಿಗಲ್ಲ ಎಂಬುದು ನನಗೆ ಗೊತ್ತಿತ್ತು.

ಹಿಂದಿನ ಯಜಮಾನರ ಪುಣ್ಯಸ್ಮರಣೆಯ ಜಾಹೀರಾತು ನಮ್ಮಲ್ಲಿಗೆ ಬರಲಿಲ್ಲ. ಬೇರೆ ಪತ್ರಿಕೆಯಲ್ಲಿ ನೋಡಿದೆ. ಅದೇ ಫೋಟೋ. ಋಣಮುಕ್ತರಾಗಿ ಎಂಬ ಪದ ಇತ್ತು. ಆಕೆಯೇ ಹಾಕಿಸಿದ್ದೋ, ಆಕೆಯನ್ನು ಕೇಳದೆ ಹಾಕಿದ್ದೋ ತಿಳಿಯಲಿಲ್ಲ.

ಕೆಲವು ತಿಂಗಳ ನಂತರ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಆಕೆ ಕಂಡರು. ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ, ಒಬ್ಬರೇ. ತವರಿಗೆ ಹೊರಟಿದ್ದರೋ, ತವರಿನಿಂದ ಬರುತ್ತಿದ್ದರೋ ಗೊತ್ತಿಲ್ಲ. ನಾನು ಹತ್ತಿರ ಹೋಗಿ, "ಅಮ್ಮ, ತಪ್ಪಾಯ್ತು" ಎಂದೆ.

ಆಕೆ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು.

"ನಂಗ್ಯಾಕ್ ಹೇಳ್ತೀರಣ್ಣಾ? ನಾನೇನ್ ಗುಡಿನಾ?" ಎಂದರು. 

ಹಳೇಬೀಡಿನ ಕಡೆ ಹೋಗುವ ಜಾವಗಲ್ ಬಸ್ಸು ಬಂತು. ಹತ್ತುವ ಜನರ ನೂಕಾಟದಲ್ಲಿ ಆಕೆ ಹಿಂದೆ ಉಳಿದರು. ಚೀಲ ಹಿಡಿದುಕೊಳ್ಳುತ್ತೇನೆಂದು ಕೈ ಚಾಚಿದೆ. ಕೊಡಲಿಲ್ಲ. ಎಲ್ಲರೂ ಹತ್ತಿದ ಮೇಲೆ ಕೊನೆಯವರಾಗಿ ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕ ಕೂತರು.